ಮೊದಲ ಸಲ ಮುಂಬೈಗೆ ಹೊರಟಿದ್ದೀರಾ? ಕಡಿಮೆ ಬಾಡಿಗೆಯ ಒಳ್ಳೆಯ ರೂಮ್ ಹುಡುಕುವ ಮುನ್ನ ಇವಿಷ್ಟು ತಿಳಿದಿರಲಿ

ಮುಂಬೈಗೆ ಮೊದಲ ಸಲ ಬರುವವರೆಲ್ಲ ಪ್ರವಾಸಿಗರಲ್ಲ. ಪರೇಲ್‌ನ ಟಾಟಾ ಸ್ಮಾರಕ ಆಸ್ಪತ್ರೆಗೆ ರೋಗಿಯನ್ನು ಕರೆತರುವವರು, ಕೆಲಸದ ಸಂದರ್ಶನಕ್ಕೆ ಬರುವವರು, ವೀಸಾಕ್ಕಾಗಿ ಬಿಕೆಸಿಯ ಕಾನ್ಸುಲೇಟ್ ಮುಂದೆ ಸಾಲು ನಿಲ್ಲುವವರು, ಪರೀಕ್ಷೆ ಬರೆಯುವವರು ಎಲ್ಲರೂ ಇದ್ದಾರೆ. ಇವರಿಗೆ ಬೇಕಿರುವುದು ಐಷಾರಾಮಿ ಹೋಟೆಲ್ ಅಲ್ಲ. ಸ್ವಚ್ಛವಾದ ಹಾಸಿಗೆ, ನೀರು ಬರುವ ಬಾತ್‌ರೂಮ್, ಭದ್ರವಾದ ಚಿಲಕ ಮತ್ತು ಬೆಳಗ್ಗೆ ಕೆಲಸದ ಜಾಗಕ್ಕೆ ಹೊತ್ತಿಗೆ ಸರಿಯಾಗಿ ತಲುಪುವ ದಾರಿ ಇದ್ದರೆ ಸಾಕು.

ಆದರೆ ಹೆಚ್ಚಿನವರು ಮೊಬೈಲ್ ಆ್ಯಪ್ ತೆರೆದು, 'ಕಡಿಮೆ ಬೆಲೆ ಮೊದಲು' ಎಂದು ಒತ್ತಿ, ಮೇಲೆ ಕಂಡ ರೂಮನ್ನೇ ಬುಕ್ ಮಾಡುತ್ತಾರೆ. ಉದ್ದಕ್ಕೆ ಚಾಚಿಕೊಂಡಿರುವ ಮುಂಬೈಯಂಥ ಊರಿನಲ್ಲಿ ಈ ಲೆಕ್ಕ ತಪ್ಪುತ್ತದೆ. ಇಲ್ಲಿ ರೂಮ್ ಅಗ್ಗವೋ ದುಬಾರಿಯೋ ಎಂಬುದನ್ನು ನಿರ್ಧರಿಸುವುದು ಬಾಡಿಗೆ ಮಾತ್ರವಲ್ಲ, ಅದು ಇರುವ ಜಾಗ ಕೂಡ. ಹಾಗಾಗಿ ಮೊದಲು ಕೆಲಸ ಎಲ್ಲಿದೆ ಎಂದು ನೋಡಿ, ಆಮೇಲೆ ಬಡಾವಣೆ ಆರಿಸಿ, ಕೊನೆಗೆ ಬಾಡಿಗೆ ಹೋಲಿಸಿ. ಅದರ ವಿವರ ಇಲ್ಲಿದೆ.

'ಹೋಟೆಲ್' ಬೇರೆ, 'ಲಾಡ್ಜ್' ಬೇರೆ

ಕನ್ನಡಿಗರ ಮಾತಿನಲ್ಲಿ ಹೋಟೆಲ್ ಎಂದರೆ ಇಡ್ಲಿ, ದೋಸೆ, ಊಟ ಸಿಗುವ ಜಾಗ. ಉಳಿದುಕೊಳ್ಳುವ ಜಾಗಕ್ಕೆ ಲಾಡ್ಜ್ ಎನ್ನುವುದೇ ರೂಢಿ. ಮುಂಬೈಯಲ್ಲೂ ಹಳೆಯ ಬೋರ್ಡ್‌ಗಳಲ್ಲಿ ಈ ಗೊಂದಲ ಉಳಿದಿದೆ. 'ಹೋಟೆಲ್' ಎಂಬ ಹೆಸರಿದ್ದರೂ ಊಟ ಮಾತ್ರ ಸಿಗುವ ಜಾಗಗಳಿವೆ. 'ಬೋರ್ಡಿಂಗ್' ಎಂಬ ಹೆಸರಿನ ಕೆಲವು ಕಡೆಯೂ ಹಾಗೆಯೇ. ಮಾಟುಂಗಾ ರೈಲು ನಿಲ್ದಾಣದ ಪಕ್ಕದ ಎ. ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಬಾಳೆಎಲೆ ಊಟಕ್ಕೆ ಹೆಸರುವಾಸಿ, ಅಲ್ಲಿಗೆ ಹೋಗುವುದು ಊಟಕ್ಕೆ.

ಆದ್ದರಿಂದ ಹುಡುಕುವಾಗ 'ಲಾಡ್ಜ್', 'ಗೆಸ್ಟ್ ಹೌಸ್', 'ಡಾರ್ಮಿಟರಿ' ಎಂಬ ಪದಗಳನ್ನೂ ಹಾಕಿ. ಚಿಕ್ಕ, ಹಳೆಯ, ಆದರೆ ಚೊಕ್ಕವಾದ ಅನೇಕ ಲಾಡ್ಜ್‌ಗಳು ದೊಡ್ಡ ಬುಕಿಂಗ್ ಆ್ಯಪ್‌ಗಳಲ್ಲಿ ಇರುವುದಿಲ್ಲ. ಮ್ಯಾಪ್‌ನಲ್ಲಿ ಫೋನ್ ನಂಬರ್ ಮಾತ್ರ ಇರುತ್ತದೆ.

ಮೊದಲು ರೈಲು ಮಾರ್ಗ ತಿಳಿಯಿರಿ

ಮುಂಬೈಯ ಲೋಕಲ್ ರೈಲಿನಲ್ಲಿ ಮುಖ್ಯವಾಗಿ ಮೂರು ಮಾರ್ಗಗಳಿವೆ. ಚರ್ಚ್‌ಗೇಟ್‌ನಿಂದ ದಾದರ್, ಬಾಂದ್ರಾ, ಅಂಧೇರಿ, ಬೋರಿವಲಿ ಕಡೆಗೆ ಪಶ್ಚಿಮ ಮಾರ್ಗ. ಸಿಎಸ್‌ಎಂಟಿಯಿಂದ ಪರೇಲ್, ದಾದರ್, ಕುರ್ಲಾ, ಠಾಣೆ, ಕಲ್ಯಾಣ್ ಕಡೆಗೆ ಮಧ್ಯ ಮಾರ್ಗ. ಸಿಎಸ್‌ಎಂಟಿಯಿಂದ ಕುರ್ಲಾ, ಚೆಂಬೂರು, ವಾಶಿ, ಖಾರ್ಘರ್, ಪನ್ವೇಲ್ ಕಡೆಗೆ ಹಾರ್ಬರ್ ಮಾರ್ಗ. ಪಶ್ಚಿಮ ಮತ್ತು ಮಧ್ಯ ಮಾರ್ಗಗಳು ಸೇರುವ ದೊಡ್ಡ ನಿಲ್ದಾಣ ದಾದರ್.

ಇದರ ಜೊತೆಗೆ 2025ರ ಅಕ್ಟೋಬರ್‌ನಲ್ಲಿ ಪೂರ್ತಿಯಾಗಿ ತೆರೆದ ಮೆಟ್ರೋ 3ನೇ ಮಾರ್ಗವಿದೆ. ಆರೆಯಿಂದ ಕಫ್ ಪರೇಡ್‌ವರೆಗಿನ ಈ 33.5 ಕಿ.ಮೀ. ಮಾರ್ಗ ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳು, ಬಿಕೆಸಿ, ದಾದರ್, ಮುಂಬೈ ಸೆಂಟ್ರಲ್, ಸಿಎಸ್‌ಎಂಟಿ ಮತ್ತು ಚರ್ಚ್‌ಗೇಟ್‌ಗಳನ್ನು ಜೋಡಿಸುತ್ತದೆ. ಲೋಕಲ್ ರೈಲಿನ ನೂಕುನುಗ್ಗಲಿಗೆ ಹೆದರುವ ಹೊಸಬರಿಗೆ ಇದು ಅನುಕೂಲ.

ನಿಮ್ಮ ಕೆಲಸದ ಜಾಗ ಯಾವ ಮಾರ್ಗದಲ್ಲಿದೆಯೋ ಅದೇ ಮಾರ್ಗದಲ್ಲಿ ರೂಮ್ ಹುಡುಕಿ. ಕಚೇರಿ ಸಮಯದಲ್ಲಿ, ಅಂದರೆ ಬೆಳಗ್ಗೆ ಸುಮಾರು 8ರಿಂದ 11ರವರೆಗೆ ದಕ್ಷಿಣದ ಕಡೆಗೂ ಸಂಜೆ ಉತ್ತರದ ಕಡೆಗೂ ಹೋಗುವ ರೈಲುಗಳು ತುಂಬಿ ತುಳುಕುತ್ತವೆ. ಬ್ಯಾಗ್ ಹಿಡಿದು, ವಯಸ್ಸಾದವರನ್ನು ಕರೆದುಕೊಂಡು ಆ ಹೊತ್ತಿನಲ್ಲಿ ಒಮ್ಮೆ ಹತ್ತಿ ಇಳಿಯುವುದೇ ಕಷ್ಟ. ಮಾರ್ಗ ಬದಲಿಸುವುದಂತೂ ಬೇಡವೇ ಬೇಡ.

ಇನ್ನೊಂದು ವಿಷಯ. ಮುಂಬೈ ವಿಳಾಸದಲ್ಲಿ 'ಈಸ್ಟ್', 'ವೆಸ್ಟ್' ಎಂಬ ಪದಗಳನ್ನು ಹಗುರವಾಗಿ ನೋಡಬೇಡಿ. ರೈಲು ಹಳಿ ಒಂದೇ ಊರನ್ನು ಎರಡು ಭಾಗ ಮಾಡುತ್ತದೆ. ಅಂಧೇರಿ ಈಸ್ಟ್‌ನಿಂದ ಅಂಧೇರಿ ವೆಸ್ಟ್‌ಗೆ ವಾಹನದಲ್ಲಿ ಹೋಗಲು ಸಂಚಾರ ದಟ್ಟಣೆಯಲ್ಲಿ ಬಹಳ ಹೊತ್ತು ಬೇಕಾಗಬಹುದು.

ಯಾವ ಕೆಲಸಕ್ಕೆ ಯಾವ ಬಡಾವಣೆ?

ಟಾಟಾ, ಕೆಇಎಂ, ವಾಡಿಯಾ ಆಸ್ಪತ್ರೆಗಳಿಗೆ: ಈ ಮೂರೂ ಪರೇಲ್‌ನಲ್ಲೇ ಹತ್ತಿರ ಹತ್ತಿರ ಇವೆ. ಪರೇಲ್, ದಾದರ್ ಈಸ್ಟ್, ಮಾಟುಂಗಾ, ಸಯಾನ್ ಕಡೆ ನೋಡಿ. ಆದರೆ ಬುಕ್ ಮಾಡುವ ಮುನ್ನ ಆಸ್ಪತ್ರೆಯ ಪತ್ರವನ್ನು ಇನ್ನೊಮ್ಮೆ ಓದಿ. ಟಾಟಾ ಸ್ಮಾರಕ ಕೇಂದ್ರದ ಇನ್ನೊಂದು ಆವರಣ 'ಆ್ಯಕ್ಟ್ರೆಕ್' ನವಿ ಮುಂಬೈಯ ಖಾರ್ಘರ್‌ನಲ್ಲಿದೆ. ಪರೇಲ್‌ಗೂ ಖಾರ್ಘರ್‌ಗೂ 30 ಕಿ.ಮೀ.ಗಿಂತ ಹೆಚ್ಚು ದೂರ. ಚಿಕಿತ್ಸೆ ಖಾರ್ಘರ್‌ನಲ್ಲಿದ್ದು ರೂಮ್ ಪರೇಲ್‌ನಲ್ಲಿದ್ದರೆ ರೋಗಿಗೆ ಪ್ರತಿದಿನವೂ ಹಿಂಸೆ.

ಬಿಕೆಸಿಯ ಕಚೇರಿ, ಕಾನ್ಸುಲೇಟ್‌ಗಳಿಗೆ: ಕುರ್ಲಾ, ಬಾಂದ್ರಾ ಈಸ್ಟ್, ಸಯಾನ್ ಅಥವಾ ಮೆಟ್ರೋ 3ರ ನಿಲ್ದಾಣಗಳ ಆಸುಪಾಸು. ಅಮೆರಿಕ ಕಾನ್ಸುಲೇಟ್ ಒಳಗೆ ಮೊಬೈಲ್, ಲ್ಯಾಪ್‌ಟಾಪ್, ದೊಡ್ಡ ಬ್ಯಾಗ್ ಬಿಡುವುದಿಲ್ಲ. ರೂಮ್ ಖಾಲಿ ಮಾಡಿದ ಮೇಲೂ ಸಾಮಾನು ಇಟ್ಟುಕೊಳ್ಳುವ ಲಾಡ್ಜ್ ಆರಿಸಿದರೆ ಈ ತಲೆನೋವು ಇರುವುದಿಲ್ಲ.

ದಕ್ಷಿಣ ಮುಂಬೈಯ ಕೋರ್ಟು, ಸರ್ಕಾರಿ ಕಚೇರಿ, ಪ್ರವಾಸಕ್ಕೆ: ಸಿಎಸ್‌ಎಂಟಿ, ಫೋರ್ಟ್, ಕೊಲಾಬಾ. ಬಾಡಿಗೆ ಸ್ವಲ್ಪ ಹೆಚ್ಚು, ಹಳೆಯ ಕಟ್ಟಡಗಳ ರೂಮ್‌ಗಳು ತೀರಾ ಚಿಕ್ಕವು. ಆದರೆ ಗೇಟ್‌ವೇ ಆಫ್ ಇಂಡಿಯಾ, ಮ್ಯೂಸಿಯಂ, ಮರೀನ್ ಡ್ರೈವ್ ಎಲ್ಲವೂ ಹತ್ತಿರ ಇರುವುದರಿಂದ ಓಡಾಟದ ಖರ್ಚು ಉಳಿಯುತ್ತದೆ. ಕೊಲಾಬಾದಲ್ಲಿ ಸಾಲ್ವೇಶನ್ ಆರ್ಮಿಯ ಗೆಸ್ಟ್ ಹೌಸ್, ಫೋರ್ಟ್ ಬಳಿ ವೈಡಬ್ಲ್ಯುಸಿಎ ಇವೆ. ಒಂಟಿಯಾಗಿ ಬರುವ ಮಹಿಳೆಯರು ವೈಡಬ್ಲ್ಯುಸಿಎಯಲ್ಲಿ ಮೊದಲು ವಿಚಾರಿಸಬಹುದು.

ವಿಮಾನ ನಿಲ್ದಾಣಕ್ಕೆ: ಅಂಧೇರಿ ಈಸ್ಟ್, ಮರೋಳ್, ವಿಲೇಪಾರ್ಲೆ. ಟಿಕೆಟ್‌ನಲ್ಲಿ ಟರ್ಮಿನಲ್ 1 ಇದೆಯೋ 2 ಇದೆಯೋ ನೋಡಿ. 2025ರ ಡಿಸೆಂಬರ್‌ನಿಂದ ನವಿ ಮುಂಬೈ ವಿಮಾನ ನಿಲ್ದಾಣವೂ ಶುರುವಾಗಿದೆ. ಅಲ್ಲಿಂದ ವಿಮಾನವಿದ್ದರೆ ಅಂಧೇರಿಯ ರೂಮ್ ಉಪಯೋಗವಿಲ್ಲ, ಪನ್ವೇಲ್, ಬೇಲಾಪುರ ಕಡೆ ನೋಡಬೇಕು.

ಎಲ್ಲಿ ಇಳಿಯುತ್ತೀರಿ ಎಂಬುದೂ ಮುಖ್ಯ

ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್, ಹೈದರಾಬಾದ್‌ನ ಹುಸೇನ್‌ಸಾಗರ್, ಪುಣೆಯ ಡೆಕ್ಕನ್ ಕ್ವೀನ್ ಸಿಎಸ್‌ಎಂಟಿಗೆ ಬರುತ್ತವೆ. ಹುಬ್ಬಳ್ಳಿ ಕಡೆಯಿಂದ ಬರುವ ಚಾಲುಕ್ಯ ಎಕ್ಸ್‌ಪ್ರೆಸ್ ದಾದರ್‌ಗೆ, ಮಂಗಳೂರಿನ ಮತ್ಸ್ಯಗಂಧ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ, ದೆಹಲಿಯ ರಾಜಧಾನಿ ಮುಂಬೈ ಸೆಂಟ್ರಲ್‌ಗೆ ಬರುತ್ತವೆ. ಎಲ್‌ಟಿಟಿಯನ್ನು ಜನ 'ಕುರ್ಲಾ ಟರ್ಮಿನಸ್' ಎಂದು ಕರೆದರೂ ಅದು ಕುರ್ಲಾ ಲೋಕಲ್ ನಿಲ್ದಾಣವಲ್ಲ. ಅಲ್ಲಿಂದ ಹಾರ್ಬರ್ ಮಾರ್ಗದ ತಿಲಕ್ ನಗರ ನಿಲ್ದಾಣ ಹತ್ತಿರ.

ಹೊಸಬರಿಗೆ ಗೊತ್ತಿರದ ಇನ್ನೊಂದು ಸಂಗತಿ: ಮುಂಬೈ ದ್ವೀಪನಗರದೊಳಗೆ ಆಟೋ ಓಡುವುದಿಲ್ಲ. ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಯಾನ್‌ವರೆಗೆ ಮಾತ್ರ ಆಟೋ. ಅಲ್ಲಿಂದ ದಕ್ಷಿಣಕ್ಕೆ, ಅಂದರೆ ದಾದರ್, ಪರೇಲ್, ಫೋರ್ಟ್ ಕಡೆ ಟ್ಯಾಕ್ಸಿ ಅಥವಾ ಬಸ್ಸೇ ಗತಿ. 2025ರ ಫೆಬ್ರವರಿಯಿಂದ ಕಪ್ಪು-ಹಳದಿ ಟ್ಯಾಕ್ಸಿಯ ಕನಿಷ್ಠ ದರ 31 ರೂ., ಆಟೋ ದರ 26 ರೂ. ಆಗಿದೆ. ಇದು ಮೊದಲ 1.5 ಕಿ.ಮೀ.ಗೆ.

ಅಗ್ಗದ ರೂಮ್ ನಿಜಕ್ಕೂ ಅಗ್ಗವೇ? ಒಂದು ಲೆಕ್ಕ

ಪರೇಲ್‌ನ ಆಸ್ಪತ್ರೆಗೆ ಬಂದ ಕುಟುಂಬದ ಮುಂದೆ ಎರಡು ರೂಮ್‌ಗಳಿವೆ ಎಂದುಕೊಳ್ಳಿ. ವಾಶಿಯಲ್ಲಿ ದಿನಕ್ಕೆ 1,500 ರೂ., ದಾದರ್‌ನಲ್ಲಿ 2,200 ರೂ. ಮೇಲ್ನೋಟಕ್ಕೆ ವಾಶಿಯಲ್ಲಿ ದಿನಕ್ಕೆ 700 ರೂ. ಉಳಿತಾಯ. ಆದರೆ ವಾಶಿಯಿಂದ ಪರೇಲ್‌ಗೆ ಸುಮಾರು 20 ಕಿ.ಮೀ. ನಡೆಯಲಾಗದ ರೋಗಿಯನ್ನು ಲೋಕಲ್‌ನಲ್ಲಿ ಕರೆದೊಯ್ಯಲಾಗದು. ಟ್ಯಾಕ್ಸಿಗೆ ಮೀಟರ್ ಪ್ರಕಾರವೇ ಒಂದು ಕಡೆಗೆ 400 ರೂ. ದಾಟುತ್ತದೆ. ಹೋಗಿ ಬರಲು 800 ರೂ.ಗೂ ಹೆಚ್ಚು. ಉಳಿಸಿದ್ದಕ್ಕಿಂತ ಖರ್ಚೇ ಜಾಸ್ತಿ. ಜೊತೆಗೆ ದಿನಕ್ಕೆ ಎರಡು ಮೂರು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ.

ಆದರೆ ಒಬ್ಬರೇ ಬಂದಿದ್ದೀರಿ, ಸಾಮಾನು ಕಡಿಮೆ, ಕೆಲಸ ಮಧ್ಯಾಹ್ನದ ಮೇಲೆ ಎಂದಾದರೆ ಲೆಕ್ಕ ತಿರುಗಿಬೀಳುತ್ತದೆ. ಲೋಕಲ್ ಟಿಕೆಟ್ ಬಹಳ ಅಗ್ಗ, ಆ ಹೊತ್ತಿಗೆ ರೈಲೂ ಅಷ್ಟು ತುಂಬಿರುವುದಿಲ್ಲ. ಆಗ ವಾಶಿ ಅಥವಾ ಠಾಣೆಯ ರೂಮೇ ಲಾಭ. ಬಾಡಿಗೆಗೆ ಓಡಾಟದ ಖರ್ಚು, ತಿಂಡಿಯ ಖರ್ಚು ಸೇರಿಸಿಯೇ ಎರಡು ರೂಮ್‌ಗಳನ್ನು ಹೋಲಿಸಿ.

ಬುಕ್ ಮಾಡುವ ಮುನ್ನ ಫೋನ್‌ನಲ್ಲಿ ಕೇಳಬೇಕಾದ ಪ್ರಶ್ನೆಗಳು

ಆ್ಯಪ್‌ನಲ್ಲಿ ಬುಕ್ ಮಾಡಿದರೂ ಲಾಡ್ಜ್‌ಗೆ ಒಮ್ಮೆ ಫೋನ್ ಮಾಡಿ. ಐದು ನಿಮಿಷದ ಮಾತು ಬಹಳಷ್ಟು ತೊಂದರೆ ತಪ್ಪಿಸುತ್ತದೆ.

1. ಚೆಕ್‌ಔಟ್ ಯಾವ ಲೆಕ್ಕದಲ್ಲಿ? ನಮ್ಮ ಊರಿನ ಅನೇಕ ಲಾಡ್ಜ್‌ಗಳಲ್ಲಿ ಬಂದ ಹೊತ್ತಿನಿಂದ 24 ಗಂಟೆ ಲೆಕ್ಕ. ಮುಂಬೈಯ ಬಹಳಷ್ಟು ಕಡೆ ಮಧ್ಯಾಹ್ನ 12ಕ್ಕೆ ಚೆಕ್‌ಇನ್, ಮರುದಿನ ಬೆಳಗ್ಗೆ 10 ಅಥವಾ 11ಕ್ಕೆ ಖಾಲಿ. ಬೆಳಗ್ಗೆ 7ಕ್ಕೆ ರೈಲಿಳಿದವರು ಮಧ್ಯಾಹ್ನದವರೆಗೆ ಕಾಯಬೇಕು, ಇಲ್ಲವೇ ಇನ್ನೊಂದು ದಿನದ ಬಾಡಿಗೆ ಕೊಡಬೇಕು. ಬೇಗ ರೂಮ್ ಕೊಡಲು ಎಷ್ಟು ಹೆಚ್ಚುವರಿ ಎಂದು ಮೊದಲೇ ಕೇಳಿ.

2. ಒಟ್ಟು ಎಷ್ಟು? ತೆರಿಗೆ ಸೇರಿ ಕೊನೆಯ ಮೊತ್ತ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ರೂಮ್‌ಗೆ ಜಿಎಸ್‌ಟಿ ಶೇ. 5 ಆಗಿದೆ. ಅದಕ್ಕೆ ಮೊದಲು ಶೇ. 12 ಇತ್ತು. ಯಾರಾದರೂ ಹಳೆಯ ದರ ಹೇಳಿದರೆ ಪ್ರಶ್ನಿಸಿ. ಜಿಎಸ್‌ಟಿ ಎಂದು ಹಣ ಪಡೆದರೆ ಬಿಲ್‌ನಲ್ಲಿ ಜಿಎಸ್‌ಟಿ ನೋಂದಣಿ ಸಂಖ್ಯೆ ಇರಲೇಬೇಕು.

3. ಎಷ್ಟು ಜನರಿಗೆ? ಮೂರನೆಯವರಿಗೆ ಹೆಚ್ಚುವರಿ ಹಾಸಿಗೆಗೆ ಎಷ್ಟು, ಮಕ್ಕಳಿಗೆ ಯಾವ ವಯಸ್ಸಿನವರೆಗೆ ಉಚಿತ ಎಂದು ಕೇಳಿ.

4. ಬಾತ್‌ರೂಮ್ ರೂಮ್‌ಗೆ ಸೇರಿದ್ದೋ, ಎಲ್ಲರಿಗೂ ಒಂದೇನೋ? ಹಳೆಯ ಲಾಡ್ಜ್‌ಗಳಲ್ಲಿ ಎರಡೂ ಬಗೆ ಇವೆ. ಬಿಸಿನೀರು ದಿನವಿಡೀ ಬರುತ್ತದೆಯೋ, ಬೆಳಗ್ಗೆ ಮಾತ್ರವೋ?

5. ಲಿಫ್ಟ್ ಇದೆಯೇ? ದಕ್ಷಿಣ ಮುಂಬೈಯ ಹಳೆಯ ಕಟ್ಟಡಗಳಲ್ಲಿ ನಾಲ್ಕನೇ ಮಹಡಿಗೂ ಮೆಟ್ಟಿಲೇ ಇರಬಹುದು. ವಯಸ್ಸಾದವರಿದ್ದರೆ ಇದು ದೊಡ್ಡ ಪ್ರಶ್ನೆ.

6. ಕಿಟಕಿ ಇದೆಯೇ? ಜಾಗದ ಅಭಾವದಿಂದ ಕಿಟಕಿಯಿಲ್ಲದ ರೂಮ್‌ಗಳೂ ಇಲ್ಲಿ ಇವೆ. ಫೋಟೋದಲ್ಲಿ ಪರದೆ ಕಂಡರೂ ಹಿಂದೆ ಗೋಡೆಯೇ ಇರಬಹುದು.

7. ಯಾವ ಗುರುತಿನ ಚೀಟಿ ಬೇಕು? ಸಾಮಾನ್ಯವಾಗಿ ರೂಮ್‌ನಲ್ಲಿ ಉಳಿಯುವ ಎಲ್ಲ ವಯಸ್ಕರ ಗುರುತಿನ ಚೀಟಿ ಕೇಳುತ್ತಾರೆ. ಪ್ಯಾನ್ ಕಾರ್ಡ್‌ನಲ್ಲಿ ವಿಳಾಸ ಇರದ ಕಾರಣ ಅದನ್ನು ಒಪ್ಪುವುದಿಲ್ಲ. ಅವಿವಾಹಿತ ಜೋಡಿ ಅಥವಾ ಅದೇ ನಗರದ ವಿಳಾಸ ಇರುವವರಿಗೆ ಕೆಲವು ಲಾಡ್ಜ್‌ಗಳು ರೂಮ್ ಕೊಡುವುದಿಲ್ಲ. ಇದು ಆಯಾ ಲಾಡ್ಜ್‌ನ ನಿಯಮ, ಅವಿವಾಹಿತರು ಒಟ್ಟಿಗೆ ಉಳಿಯಬಾರದೆಂಬ ಕಾನೂನಿಲ್ಲ. ಅಲ್ಲಿಗೆ ಹೋಗಿ ವಾದ ಮಾಡುವ ಬದಲು ಮೊದಲೇ ಕೇಳುವುದು ಜಾಣತನ.

ವಿಮರ್ಶೆಗಳನ್ನು ಓದುವುದು ಹೇಗೆ?

ಒಟ್ಟು ಎಷ್ಟು ಸ್ಟಾರ್ ಎಂದು ಮಾತ್ರ ನೋಡಬೇಡಿ. ಕಳೆದ ಎರಡು ಮೂರು ತಿಂಗಳ ವಿಮರ್ಶೆಗಳನ್ನು, ಅದರಲ್ಲೂ ಕಡಿಮೆ ಅಂಕ ಕೊಟ್ಟವರ ಮಾತನ್ನು ಓದಿ. 'ರೂಮ್ ಚಿಕ್ಕದು' ಎಂಬ ದೂರು ಮುಂಬೈಯಲ್ಲಿ ಎಲ್ಲ ಕಡೆಯೂ ಇರುತ್ತದೆ, ಅದನ್ನು ಬಿಟ್ಟುಬಿಡಬಹುದು. ತಿಗಣೆ, ಒದ್ದೆ ಗೋಡೆ, ಚಿಲಕ ಸರಿಯಿಲ್ಲ, ಬುಕ್ ಮಾಡಿದ್ದರೂ ರೂಮ್ ಕೊಡಲಿಲ್ಲ, ಹೆಚ್ಚು ಹಣ ಕೇಳಿದರು ಎಂಬ ದೂರುಗಳು ಮತ್ತೆ ಮತ್ತೆ ಬಂದಿದ್ದರೆ ಆ ಜಾಗ ಬಿಡಿ. ಲಾಡ್ಜ್‌ನವರು ಹಾಕಿದ ಫೋಟೋಗಿಂತ ಉಳಿದುಹೋದವರು ಹಾಕಿದ ಫೋಟೋ ನಂಬಿ.

ಮಳೆಗಾಲದಲ್ಲಿ, ಅಂದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರು ಇನ್ನೊಂದು ವಿಷಯ ಗಮನಿಸಬೇಕು. ಪರೇಲ್-ದಾದರ್ ನಡುವಿನ ಹಿಂದ್‌ಮಾತಾ, ಸಯಾನ್, ಕುರ್ಲಾ, ಅಂಧೇರಿ ಸಬ್‌ವೇ ಜೋರು ಮಳೆಗೆ ನೀರು ನಿಲ್ಲುವ ಜಾಗಗಳು. ಅಲ್ಲಿ ರೂಮ್ ತೆಗೆದುಕೊಳ್ಳುವುದಾದರೆ ನೆಲಮಹಡಿ ಬೇಡ.

ಲಾಡ್ಜ್ ಬಿಟ್ಟರೆ ಬೇರೆ ದಾರಿ

ರೈಲ್ವೆ ರಿಟೈರಿಂಗ್ ರೂಮ್: ಖಚಿತ ಟಿಕೆಟ್ ಇದ್ದವರು ಪಿಎನ್‌ಆರ್ ಸಂಖ್ಯೆ ಹಾಕಿ ಐಆರ್‌ಸಿಟಿಸಿ ಮೂಲಕ ಬುಕ್ ಮಾಡಬಹುದು. ಬೇಗ ತುಂಬಿಹೋಗುವುದರಿಂದ ಟಿಕೆಟ್ ಖಚಿತವಾದ ಕೂಡಲೇ ನೋಡಿ.

ಪಾಡ್ ಹೋಟೆಲ್: ಮುಂಬೈ ಸೆಂಟ್ರಲ್ ನಿಲ್ದಾಣದಲ್ಲಿ 2021ರ ನವೆಂಬರ್‌ನಲ್ಲಿ 48 ಪಾಡ್‌ಗಳ ಹೋಟೆಲ್ ಆರಂಭವಾಯಿತು. ಒಬ್ಬರು ಮಲಗುವಷ್ಟು ಜಾಗ, ಎಸಿ, ಲಾಕರ್ ಇರುತ್ತದೆ, ಸ್ನಾನಗೃಹ ಎಲ್ಲರಿಗೂ ಸೇರಿದ್ದು. ಒಂದು ರಾತ್ರಿ ಕಳೆಯುವ ಒಂಟಿ ಪ್ರಯಾಣಿಕರಿಗೆ ಅನುಕೂಲ, ಕುಟುಂಬಕ್ಕೆ ಅಲ್ಲ.

ಧರ್ಮಶಾಲೆ: ಕ್ಯಾನ್ಸರ್ ಚಿಕಿತ್ಸೆ ವಾರಗಟ್ಟಲೆ, ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟು ದಿನ ಲಾಡ್ಜ್ ಬಾಡಿಗೆ ಕೊಡುವುದು ಎಲ್ಲರಿಗೂ ಸಾಧ್ಯವಿಲ್ಲ. ದಾದರ್ ಈಸ್ಟ್‌ನ ಸಂತ ಗಾಡಗೆ ಮಹಾರಾಜ್ ಧರ್ಮಶಾಲೆಯಂಥ ಜಾಗಗಳಲ್ಲಿ ಹೊರಊರಿನ ರೋಗಿಗಳಿಗೆ ಕಡಿಮೆ ಶುಲ್ಕದಲ್ಲಿ ಉಳಿಯಲು ವ್ಯವಸ್ಥೆ ಇದೆ. ಇದಕ್ಕೆ ಆಸ್ಪತ್ರೆಯ ಕಾಗದಪತ್ರ ಬೇಕು. ಟಾಟಾ ಆಸ್ಪತ್ರೆಯ ವೈದ್ಯಕೀಯ ಸಮಾಜ ಸೇವಾ ವಿಭಾಗದಲ್ಲಿ ವಿಚಾರಿಸಿದರೆ ಮಾರ್ಗದರ್ಶನ ಸಿಗುತ್ತದೆ. ಮೊದಲ ಒಂದೆರಡು ದಿನಕ್ಕೆ ಮಾತ್ರ ಲಾಡ್ಜ್ ಬುಕ್ ಮಾಡಿ, ಚಿಕಿತ್ಸೆ ಎಷ್ಟು ದಿನ ಎಂದು ಗೊತ್ತಾದ ಮೇಲೆ ಮುಂದಿನದ್ದು ನೋಡಿ.

ರೂಮ್ ಬೇಡ, ಹಗಲಿಗೆ ಸಾಮಾನು ಇಡಲು ಮಾತ್ರ ಜಾಗ ಬೇಕು ಎನ್ನುವವರಿಗೆ ದೊಡ್ಡ ನಿಲ್ದಾಣಗಳ ಕ್ಲೋಕ್‌ರೂಮ್ ಇದೆ. ಪ್ರಯಾಣದ ಟಿಕೆಟ್ ಇರಬೇಕು, ಬ್ಯಾಗ್‌ಗೆ ಬೀಗ ಹಾಕಿರಬೇಕು.

ಮೋಸ ಹೋಗದಿರಲು

ನಿಲ್ದಾಣದ ಹೊರಗೆ 'ಒಳ್ಳೆಯ ರೂಮ್ ಇದೆ, ಬನ್ನಿ' ಎಂದು ಬೆನ್ನು ಹತ್ತುವವರು ಕಮಿಷನ್‌ಗಾಗಿ ಕೆಲಸ ಮಾಡುತ್ತಾರೆ. ಆ ಕಮಿಷನ್ ಸೇರುವುದು ನಿಮ್ಮ ಬಾಡಿಗೆಗೇ. 'ನೀವು ಬುಕ್ ಮಾಡಿದ ಲಾಡ್ಜ್ ಮುಚ್ಚಿದೆ' ಎಂದು ಯಾರಾದರೂ ಹೇಳಿದರೆ ನೇರವಾಗಿ ಲಾಡ್ಜ್‌ಗೇ ಫೋನ್ ಮಾಡಿ.

ಆನ್‌ಲೈನ್ ವಂಚನೆ ಇನ್ನೂ ದೊಡ್ಡದು. ಹೆಸರಾಂತ ಹೋಟೆಲ್, ಗೆಸ್ಟ್ ಹೌಸ್‌ಗಳ ಹೆಸರಿನಲ್ಲಿ ನಕಲಿ ವೆಬ್‌ಸೈಟ್ ಮಾಡಿ ಹಣ ಕೀಳುವ ಜಾಲಗಳ ಬಗ್ಗೆ ಕೇಂದ್ರ ಗೃಹ ಸಚಿವಾಲಯದ ಸೈಬರ್ ಅಪರಾಧ ಸಮನ್ವಯ ಕೇಂದ್ರ 2025ರ ಏಪ್ರಿಲ್‌ನಲ್ಲೇ ಎಚ್ಚರಿಸಿದೆ. ಹುಡುಕಾಟದಲ್ಲಿ ಮೊದಲು ಕಾಣುವ ಜಾಹೀರಾತಿನ ನಂಬರ್‌ಗೆ ಪೂರ್ತಿ ಹಣ ಕಳಿಸಬೇಡಿ. ಹಣ ವಾಪಸ್ ಪಡೆಯಲು ಯುಪಿಐ ಪಿನ್ ಹಾಕಿ ಎಂದರೆ ಅದು ಮೋಸವೇ. ಹಣ ಬರಲು ಪಿನ್ ಬೇಕಿಲ್ಲ. ಮುಂಬೈಯ ಹೋಟೆಲ್ ಉದ್ಯಮದಲ್ಲಿ ಕರಾವಳಿಯವರು ಬಹಳ ಜನ ಇದ್ದಾರೆ, ಕೌಂಟರ್‌ನಲ್ಲಿ ಕನ್ನಡ, ತುಳು ಕಿವಿಗೆ ಬಿದ್ದರೆ ಸಮಾಧಾನವಾಗುವುದು ಸಹಜ. ಆದರೆ ಫೋನ್‌ನಲ್ಲಿ 'ನಾನೂ ನಿಮ್ಮ ಊರಿನವನೇ' ಎಂದ ಮಾತ್ರಕ್ಕೆ ಮುಂಗಡ ಕಳಿಸಬೇಡಿ. ಸಾಧ್ಯವಾದರೆ 'ಲಾಡ್ಜ್‌ನಲ್ಲೇ ಪಾವತಿ' ಆಯ್ಕೆ ಮಾಡಿ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಗುರುತಿಗೆ ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ 'ಮಾಸ್ಕ್ಡ್ ಆಧಾರ್' ಬಳಸಬಹುದು. ಚಾಲನಾ ಪರವಾನಗಿ, ಮತದಾರರ ಚೀಟಿಯನ್ನೂ ಕೊಡಬಹುದು.

ಕೀ ಪಡೆಯುವ ಮುನ್ನ

ಹಣ ಕೊಡುವ ಮೊದಲು ರೂಮ್ ನೋಡುತ್ತೇನೆ ಎಂದು ಹೇಳಲು ಸಂಕೋಚ ಬೇಡ. ಒಳಗಿನ ಚಿಲಕ ಗಟ್ಟಿಯಾಗಿದೆಯೇ, ನಲ್ಲಿ, ಫ್ಲಶ್, ಫ್ಯಾನ್ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿ. ಹಾಸಿಗೆಯ ಮೂಲೆ ಎತ್ತಿ ನೋಡಿ, ಕಪ್ಪು ಚುಕ್ಕೆಗಳಿದ್ದರೆ ತಿಗಣೆ ಇದೆ ಎಂದರ್ಥ. ಬೆಂಕಿ ಬಿದ್ದರೆ ಇಳಿಯಲು ಮೆಟ್ಟಿಲು ಯಾವ ಕಡೆ ಎಂದು ಒಮ್ಮೆ ನಡೆದು ನೋಡಿ. ಒಪ್ಪಿಗೆಯಾಗದಿದ್ದರೆ ಬೇರೆ ರೂಮ್ ಕೇಳಿ. ಕೊಟ್ಟ ಹಣಕ್ಕೆ ರಸೀದಿ, ಠೇವಣಿಗೆ ಪ್ರತ್ಯೇಕ ರಸೀದಿ ಪಡೆಯಿರಿ.

ಊಟದ ಬಿಲ್‌ನಲ್ಲಿ ಸೇವಾ ಶುಲ್ಕ ಸೇರಿಸಿದ್ದರೆ ತೆಗೆಯಲು ಹೇಳಬಹುದು. ಅದು ಕಡ್ಡಾಯವಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿದಿದೆ.

ನೆನಪಿಡಬೇಕಾದ ನಂಬರ್‌ಗಳು

ತುರ್ತು ಸಹಾಯ: 112
ಸೈಬರ್ ವಂಚನೆ: 1930
ರಾಷ್ಟ್ರೀಯ ಗ್ರಾಹಕ ಸಹಾಯವಾಣಿ: 1915
ಮಹಿಳಾ ಸಹಾಯವಾಣಿ: 181
ರೈಲ್ವೆ ಸಹಾಯವಾಣಿ: 139

ಲಾಡ್ಜ್‌ನ ಹೆಸರು, ಈಸ್ಟ್-ವೆಸ್ಟ್ ಸಮೇತ ಪೂರ್ತಿ ವಿಳಾಸ, ಹತ್ತಿರದ ರೈಲು ನಿಲ್ದಾಣ ಮತ್ತು ಫೋನ್ ನಂಬರನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ. ಮೊಬೈಲ್ ಚಾರ್ಜ್ ಮುಗಿದರೂ ಟ್ಯಾಕ್ಸಿಯವರಿಗೆ ಆ ಚೀಟಿ ತೋರಿಸಿದರೆ ಸಾಕು. ಊರಿನಿಂದ ಅಪ್ಪ ಅಮ್ಮ ಅಥವಾ ಬಂಧುಗಳು ಮಾತ್ರ ಬರುತ್ತಿದ್ದರೆ, ಅವರ ಪರವಾಗಿ ಫೋನ್ ಮಾಡಿ ಈ ಪ್ರಶ್ನೆಗಳನ್ನು ನೀವೇ ಕೇಳಿ, ಚೀಟಿಯ ವಿವರವನ್ನು ಅವರಿಗೆ ಮೊದಲೇ ಕಳಿಸಿಕೊಡಿ.